ಪಕ್ಷದ ಪ್ರತಿಜ್ಞೆಯೂ ಬೆಟ್ಟದ ವರದಿಯೂ

ಚುನಾವಣೆಯು ಸಮೀಪಿಸಿತೆಂದರೆ ಮೊದಲ ಮಳೆಗೆ ಅಣಬೆಗಳು ಏಳುವಂತೆ ಪ್ರಣಾಳಿಕೆಗಳು ಏಳುವುದು ನಮ್ಮ ದೇಶದಲ್ಲಿ ವಾಡಿಕೆಯಾಗಿದೆ. ಹಿಂದಿನ ಚುನಾವಣೆಯ ಕಾಲದಲ್ಲಿ ನಮ್ಮ ಮನೆಯ ಜಗಲಿಗೂ ಇಬ್ಬರು ತರುಣರು ಬಂದು, ನಮಸ್ಕರಿಸಿ, ಅಂತಹ ಒಂದು ಪುಸ್ತಿಕೆಯನ್ನು ಇಟ್ಟು ಹೋದರು. ಅವರು ಯಾವ ಪಕ್ಷದವರೆಂಬುದು ಇಲ್ಲಿ ಅಪ್ರಸ್ತುತವು. ಪುಸ್ತಿಕೆಯನ್ನು ನಾವು ಆಮೂಲಾಗ್ರವಾಗಿ ಓದಿದೆವು. ಅದರಲ್ಲಿ ಪರಿಸರ ಸಂರಕ್ಷಣೆಗೆ ಒಂದು ಪ್ರಕರಣವಿತ್ತು. ಹತ್ತಾರು ಪುಟಗಳ ತರುವಾಯ ಆಡಳಿತದ ಪಾರದರ್ಶಕತೆಗೆ ಇನ್ನೊಂದು ಪ್ರಕರಣವಿತ್ತು. ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲವೆಂದೇ ಬರೆದವರು ತಿಳಿದಂತೆ ತೋರಿತು. ನಮ್ಮ ಅಭಿಪ್ರಾಯವು ಹಾಗಿಲ್ಲ. ಕಡತವನ್ನು ಮುಚ್ಚಿಟ್ಟುಕೊಂಡು ಕಾಡನ್ನು ಕಾಯುವೆನೆಂಬುದು ಆಗದ ಮಾತು. ಈ ವಿಷಯವನ್ನು ವಾಚಕರ ಮುಂದೆ ಒಂದು ನಿಜವಾದ ದೃಷ್ಟಾಂತದಿಂದಲೇ ವಿವರಿಸುವೆವು.

ನಾವು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ತರ್ಕಶಾಸ್ತ್ರವನ್ನು ಓದುತ್ತಿದ್ದಾಗ ಅನುಮಾನವಾಕ್ಯಕ್ಕೆ ಐದು ಅವಯವಗಳುಂಟೆಂದು ಕಲಿತೆವು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬುವು ಅವು. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಅಲ್ಲಿ ಹೊಗೆ ಕಾಣುತ್ತಿದೆ ಎಂಬುದು ಹೇತು. ಪ್ರತಿಜ್ಞೆಯನ್ನಷ್ಟೇ ಆಡಿ ಹೇತುವನ್ನು ಹೇಳಲಾರದ ವಿದ್ಯಾರ್ಥಿಯನ್ನು ಗುರುಗಳು ಮುಂದಕ್ಕೆ ಹೋಗಗೊಡುತ್ತಿರಲಿಲ್ಲ. ಪ್ರತಿಜ್ಞೆ ಎಂಬ ಶಬ್ದದಲ್ಲಿಯೇ ತಿಳಿವಳಿಕೆಯನ್ನು ಹೇಳುವ ಜ್ಞಾ ಧಾತುವು ಅಡಗಿದೆ. ರಾಜಕೀಯ ಪಕ್ಷಗಳು ಆಡುವ ಪ್ರತಿಜ್ಞೆಗೂ ಈ ನಿಯಮವನ್ನೇ ಅನ್ವಯಿಸಬೇಕಲ್ಲವೇ? ಬೆಟ್ಟವನ್ನು ಕಾಯುತ್ತಿದ್ದೇವೆಂದು ಸರಕಾರವು ಹೇಳಿದರೆ ಹೊಗೆಯು ಕಾಣುವ ದಿಕ್ಕಿನ ಕಿಟಕಿಯನ್ನೂ ಅದು ನಮಗೆ ತೆರೆದಿಡಬೇಕು.

ಆ ಕಿಟಕಿಯು ನಮಗೆ ದೊರೆತ ಬಗೆಯನ್ನು ಮೊದಲು ಹೇಳುವೆವು. ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ 1996ನೆಯ ಇಸವಿಯಲ್ಲಿ ರೈತರೂ ಕೂಲಿಕಾರರೂ ಧರಣಿ ಕುಳಿತು, ತಮ್ಮ ಊರಿನ ಕಾಮಗಾರಿಗಳ ಲೆಕ್ಕವನ್ನು ತಮಗೆ ತೋರಿಸಬೇಕೆಂದು ಕೇಳಿದರು. ನಮ್ಮ ಕರ್ನಾಟಕವು 2000ದಲ್ಲಿಯೇ ಮಾಹಿತಿ ಹಕ್ಕಿನ ಶಾಸನವೊಂದನ್ನು ಮಾಡಿತ್ತು. ವಾಜಪೇಯಿಯವರ ಸರಕಾರದ ಕಾಲದಲ್ಲಿ, 2002ರಲ್ಲಿ, ಸಂಸತ್ತು ಒಂದು ಶಾಸನವನ್ನು ಅಂಗೀಕರಿಸಿತಾದರೂ ಅದು ಜಾರಿಗೆ ಬರುವ ದಿನವು ಗೊತ್ತಾಗದೆ ಕಾಗದದ ಮೇಲೆಯೇ ಉಳಿಯಿತು. 2004ರ ಮೇ ತಿಂಗಳಿನಲ್ಲಿ ಕಾಂಗ್ರೆಸ್ ಪಕ್ಷದ ನೇತೃತ್ವದ ಮೈತ್ರಿಕೂಟವು ಅಧಿಕಾರಕ್ಕೆ ಬಂದಾಗ ಪ್ರಕಟಿಸಿದ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲಿ, ಈ ಹಕ್ಕನ್ನು ಇನ್ನಷ್ಟು ಅರ್ಥವತ್ತಾಗಿ ಮಾಡುವೆವೆಂಬ ಪ್ರತಿಜ್ಞೆಯಿತ್ತು. ಮಾತು ನಡೆಯಿತು. ಮಾಹಿತಿ ಹಕ್ಕು ಅಧಿನಿಯಮವು 2005ರ ಮೇ ತಿಂಗಳಿನಲ್ಲಿ ಅಂಗೀಕೃತವಾಗಿ, ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಕೇವಲ 10 ರೂಪಾಯಿ ಶುಲ್ಕ ಕೊಟ್ಟು ಸಾಮಾನ್ಯ ಗೃಹಸ್ಥನು ಅರ್ಜಿ ಬರೆದರೆ, ಕಚೇರಿಯು 30 ದಿನಗಳೊಳಗಾಗಿ ಉತ್ತರ ಕೊಡತಕ್ಕದ್ದು. ಅಷ್ಟೇ ಅಲ್ಲ; ಜನರನ್ನು ಬಾಧಿಸುವ ಮುಖ್ಯವಾದ ನೀತಿಯನ್ನು ರೂಪಿಸುವಾಗ ಅದಕ್ಕೆ ಸಂಬಂಧಪಟ್ಟ ಸಂಗತಿಗಳನ್ನು, ಯಾರೂ ಕೇಳದಿದ್ದರೂ, ಸರಕಾರವು ತಾನಾಗಿಯೇ ಪ್ರಕಟಿಸತಕ್ಕದ್ದೆಂದು ಅದರ 4ನೆಯ ಪ್ರಕರಣವು ವಿಧಿಸುತ್ತದೆ. ಈ ಶಾಸನವನ್ನು ತಂದವರಿಗೆ ಸಲ್ಲತಕ್ಕ ಕೀರ್ತಿಯನ್ನು ಸಲ್ಲಿಸದಿರುವುದು ನ್ಯಾಯವಲ್ಲ.

ಇನ್ನು ಬೆಟ್ಟದ ವಿಷಯಕ್ಕೆ ಬರುವೆವು. ಅದೇ ಮೈತ್ರಿಕೂಟದ ಎರಡನೆಯ ಸರಕಾರವು 2010ರ ಮಾರ್ಚ್ ತಿಂಗಳಿನಲ್ಲಿ ಪಶ್ಚಿಮಘಟ್ಟಗಳ ಪರಿಸ್ಥಿತಿಯನ್ನು ಪರಿಶೀಲಿಸುವುದಕ್ಕಾಗಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳರು. ಸಮಿತಿಯವರು ಘಟ್ಟಗಳ 142 ತಾಲ್ಲೂಕುಗಳನ್ನು ಅವುಗಳ ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯಗಳಾಗಿ ವಿಂಗಡಿಸಿದರು. ಅತ್ಯಂತ ಸೂಕ್ಷ್ಮವಾದ ವಲಯದಲ್ಲಿ ಹೊಸ ಗಣಿಗಾರಿಕೆಯೂ ದೊಡ್ಡ ಅಣೆಕಟ್ಟೆಗಳೂ ಕೂಡದೆಂದರು. ನಮ್ಮ ಹಾಸನ ಜಿಲ್ಲೆಯ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದರು. ರಾಸಾಯನಿಕ ಕೀಟನಾಶಕಗಳನ್ನು ವಲಯಕ್ಕನುಸಾರವಾಗಿ 5, 8, 10 ವರ್ಷಗಳಲ್ಲಿ ಕ್ರಮೇಣ ಬಿಡಿಸಬೇಕೆಂದರು. ಇವೆಲ್ಲವನ್ನೂ ಗ್ರಾಮಸಭೆಗಳ ಮುಂದಿಟ್ಟು ಜನರ ಸಮ್ಮತಿಯಿಂದಲೇ ನಿರ್ಣಯಿಸಬೇಕೆಂಬುದು ಗಾಡ್ಗೀಳರ ಮುಖ್ಯವಾದ ಆಶಯವಾಗಿದ್ದಿತು.

ವರದಿಯು 2011ರ ಆಗಸ್ಟ್ 31ರಂದು ಸಚಿವಾಲಯದ ಕೈಸೇರಿತು. ಅನಂತರ ನಡೆದುದನ್ನು ನೋಡಿರಿ. ಜನರ ಮುಂದಿಡಬೇಕಾದ ವರದಿಯು ತಿಂಗಳುಗಟ್ಟಲೆ ಕಪಾಟಿನಲ್ಲಿಯೇ ಉಳಿಯಿತು. ಕೇರಳದ ನಾಗರಿಕರೊಬ್ಬರು ಅದರ ಪ್ರತಿಯನ್ನು ಬೇಡಿ ಮಾಹಿತಿ ಹಕ್ಕಿನ ಅರ್ಜಿಯನ್ನು ಹಾಕಿದರು. ವರದಿಯು ಇನ್ನೂ ಪರಿಶೀಲನೆಯಲ್ಲಿದೆ, ಈಗಲೇ ಪ್ರಕಟವಾದರೆ ದೇಶದ ಹಿತಕ್ಕೆ ಧಕ್ಕೆಯಾದೀತು ಎಂಬುದಾಗಿ ಸಚಿವಾಲಯವು ವಾದಿಸಿತು. ಕೇಂದ್ರ ಮಾಹಿತಿ ಆಯೋಗವು 2012ರ ಏಪ್ರಿಲ್ ತಿಂಗಳಿನಲ್ಲಿ ಆ ವಾದವನ್ನು ತಳ್ಳಿಹಾಕಿ, ವರದಿಯನ್ನು ಪ್ರಕಟಿಸಬೇಕೆಂದು ಆಜ್ಞಾಪಿಸಿತು. ಸಚಿವಾಲಯವು ಅಷ್ಟಕ್ಕೆ ಸುಮ್ಮನಾಗದೆ ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯವೂ ಮೇ ತಿಂಗಳಿನಲ್ಲಿ ಆಯೋಗದ ಆಜ್ಞೆಯನ್ನೇ ಎತ್ತಿಹಿಡಿಯಿತು. ನೀತಿಯು ನಿರ್ಣಯವಾಗುವುದಕ್ಕೆ ಮೊದಲೇ ಜನರು ಮಾತನಾಡಲು ಅವಕಾಶವಿರಬೇಕು, ಅದಕ್ಕೆ ಮಾಹಿತಿಯು ಆಗಲೇ ಸಿಕ್ಕಬೇಕು ಎಂಬುದು ಆ ತೀರ್ಪಿನ ತಾತ್ಪರ್ಯವು. ಹೀಗೆ, ತಾನೇ ಮಾಡಿದ ಶಾಸನವು ಬಂದು ಬಾಗಿಲು ತಟ್ಟಿದ ಮೇಲೆ ಆ ಸರಕಾರವು ಕದ ತೆರೆಯಿತು. ಪ್ರತಿಜ್ಞೆ ಮಾಡುವುದು ಬೇರೆ, ಅದು ತನಗೂ ಅನ್ವಯಿಸುವುದೆಂದು ಒಪ್ಪುವುದು ಬೇರೆ.

ಈ ವಿಳಂಬದಿಂದಾದ ಹಾನಿಯೇನೆಂದು ಕೆಲವರು ಕೇಳಬಹುದು. ಹಾನಿಯನ್ನು ನಾವು ಮಲೆನಾಡಿನ ನಮ್ಮ ಜಗಲಿಯಲ್ಲಿಯೇ ಕಂಡೆವು. ಒಂದು ಸಂಜೆ ನೆರೆಯ ತೋಟದ ಯಜಮಾನರು ಬಹಳ ಕಳವಳದಿಂದ ಬಂದು ಕುಳಿತರು.

“ಮೇಷ್ಟ್ರೇ, ಆ ವರದಿ ಜಾರಿಗೆ ಬಂದರೆ ಅಡಕೆಗೆ ಮದ್ದು ಹೊಡೆಯುವಂತಿಲ್ಲವಂತೆ. ಮನೆಗೆ ಹಂಚು ಹೊದಿಸಲಿಕ್ಕೂ ಅಪ್ಪಣೆ ಬೇಕಂತೆ. ಕೊನೆಗೆ ನಮ್ಮನ್ನೇ ಇಲ್ಲಿಂದ ಎಬ್ಬಿಸುತ್ತಾರಂತೆ!”

“ಇದನ್ನೆಲ್ಲ ನೀವು ಎಲ್ಲಿ ಓದಿದಿರಿ, ಯಜಮಾನರೇ?” ಎಂದು ಕೇಳಿದೆವು.

“ಓದುವುದೆ? ಓದಲಿಕ್ಕೆ ನಮಗೆ ಕೊಟ್ಟವರು ಯಾರು?” ಎಂದರು ಅವರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಮಾತಿನಲ್ಲಿ ಮದ್ದಿನ ವಿಷಯಕ್ಕೆ ವರದಿಯಲ್ಲಿ ಸ್ವಲ್ಪ ಆಧಾರವಿದ್ದಿತು. ಜನರನ್ನು ಎಬ್ಬಿಸಬೇಕೆಂಬುದಕ್ಕೆ ಯಾವ ಆಧಾರವೂ ಇರಲಿಲ್ಲ. ಆದರೆ ನೂರಾರು ಪುಟಗಳ ಆಂಗ್ಲಭಾಷೆಯ ಗ್ರಂಥವನ್ನು ತೋಟದ ಕೆಲಸದ ನಡುವೆ ಓದಿ ಸತ್ಯಾಸತ್ಯಗಳನ್ನು ವಿಂಗಡಿಸುವವರು ಯಾರು? ಸತ್ಯವು ಬರುವುದಕ್ಕೆ ಮೊದಲೇ ವದಂತಿಯು ಬಂದು ಮಣೆ ಹಾಕಿಕೊಂಡು ಕುಳಿತರೆ ಆಮೇಲೆ ಅದನ್ನು ಎಬ್ಬಿಸುವುದು ಕಷ್ಟವು.

ಕಸ್ತೂರಿರಂಗನ್‌ರವರ ಅಧ್ಯಕ್ಷತೆಯಲ್ಲಿ ನೇಮಕವಾದ ಎರಡನೆಯ ಸಮಿತಿಯು 2013ರ ಏಪ್ರಿಲ್ ತಿಂಗಳಿನಲ್ಲಿ ವರದಿಯನ್ನೊಪ್ಪಿಸಿ, ಘಟ್ಟಗಳ ಶೇಕಡ 37ರಷ್ಟು, ಅಂದರೆ ಸುಮಾರು 60,000 ಚದರ ಕಿಲೋಮೀಟರ್ ಪ್ರದೇಶವನ್ನು ಸೂಕ್ಷ್ಮವೆಂದು ಗುರುತಿಸಿತು. ಅದರಲ್ಲಿ ಕರ್ನಾಟಕದ್ದೇ 20,668 ಚದರ ಕಿಲೋಮೀಟರ್. 2014ರಿಂದ 2024ರ ವರೆಗೆ ಕೇಂದ್ರ ಸರಕಾರವು ಆರು ಸಲ ಕರಡು ಅಧಿಸೂಚನೆಯನ್ನು ಹೊರಡಿಸಿತು. ಬೆಂಗಳೂರಿನಲ್ಲಿ ಯಾವ ಪಕ್ಷದ ಸರಕಾರವಿದ್ದರೂ ಅದನ್ನು ವಿರೋಧಿಸುತ್ತಲೇ ಬಂದಿತು. ಈ ನಡುವೆ 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುವು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಬಿದ್ದಿತು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಮಣ್ಣುಪಾಲಾದರು. ಆರನೆಯ ಕರಡು ಹೊರಬಿದ್ದುದು ಅದರ ಮರುದಿನ. ವರದಿಯು ಜಾರಿಯಾಗಿದ್ದರೆ ಈ ಅನಾಹುತಗಳೊಂದೂ ಆಗುತ್ತಿರಲಿಲ್ಲವೆಂದು ನಾವು ಹೇಳಲಾರೆವು. ಮಳೆಯ ಅಬ್ಬರಕ್ಕೆ ಶಾಸನದ ಹಂಗಿಲ್ಲ. ಆದರೆ ಅಪಾಯದ ಅಂಚಿನಲ್ಲಿ ಮನೆ ಕಟ್ಟಿಕೊಂಡವನಿಗೆ, ತಾನು ಕುಳಿತ ನೆಲದ ವಿಷಯದಲ್ಲಿ ಬಲ್ಲವರು ಬರೆದುದನ್ನು ಕಾಲದಲ್ಲಿ ಓದುವ ಹಕ್ಕಾದರೂ ಇರಬೇಕಾಗಿತ್ತು.

ಭಾಷೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವೆವು. 2020ರಲ್ಲಿ, ಕೇಂದ್ರದಲ್ಲಿ ಭಾರತೀಯ ಜನತಾ ಪಕ್ಷದ ಸರಕಾರವಿದ್ದಾಗ, ಕಾರ್ಖಾನೆ, ಗಣಿ ಮುಂತಾದುವು ಪರಿಸರದ ಮೇಲೆ ಮಾಡುವ ಪರಿಣಾಮವನ್ನು ಅಳೆಯುವ ನಿಯಮಗಳಿಗೆ ಹೊಸ ಕರಡೊಂದು ಬಂದಿತು. ಜನರ ಆಕ್ಷೇಪಣೆಗಳನ್ನು ಕೇಳಿದ್ದರು. ಆದರೆ ಕರಡು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತ್ರ ಇದ್ದಿತು. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಹೇಳಿತು. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಆಗಸ್ಟ್ ತಿಂಗಳಿನಲ್ಲಿ ಅಂತಿಮ ಅಧಿಸೂಚನೆಯನ್ನು ಕೆಲಕಾಲ ತಡೆಯಿತು. ಕನ್ನಡಿಗನ ಗದ್ದೆಯ ವಿಷಯವನ್ನು ಕನ್ನಡಿಗನಿಗೆ ತಿಳಿಯದ ನುಡಿಯಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳುವುದು ಕಿವುಡನ ಮುಂದೆ ಕಿನ್ನರಿ ನುಡಿಸಿದಂತಲ್ಲವೇ? ಇಲ್ಲಿ ಕಿವುಡುತನವು ಮಾತ್ರ ಕೇಳುವವನದಲ್ಲ.

ಪಕ್ಷಗಳು ತಮ್ಮ ಮನೆಯ ವಿಷಯದಲ್ಲಿಯೂ ಹೀಗೆಯೇ. 2013ರ ಜೂನ್ ತಿಂಗಳಿನಲ್ಲಿ ಕೇಂದ್ರ ಮಾಹಿತಿ ಆಯೋಗವು ಆರು ರಾಷ್ಟ್ರೀಯ ಪಕ್ಷಗಳೂ ಮಾಹಿತಿ ಹಕ್ಕಿಗೆ ಒಳಪಟ್ಟವೆಂದು ತೀರ್ಪಿತ್ತಿತು. ಒಂದರ ಮುಖವನ್ನೊಂದು ನೋಡದ ಆ ಪಕ್ಷಗಳಲ್ಲಿ ಒಂದಾದರೂ ಅದನ್ನು ಪಾಲಿಸಲಿಲ್ಲ. 2018ರಲ್ಲಿ ಬಂದ ಚುನಾವಣಾ ಬಾಂಡುಗಳು ದಾನಿಗಳ ಹೆಸರನ್ನು ಮರೆಮಾಡಿದುವು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯವು ಆ ವ್ಯವಸ್ಥೆಯನ್ನು ರದ್ದುಗೊಳಿಸಿದ ಮೇಲೆ ಹೊರಬಂದ ಪಟ್ಟಿಯಲ್ಲಿ ಗಣಿ ಉದ್ಯಮದವರೂ ದೊಡ್ಡ ದೊಡ್ಡ ಕಾಮಗಾರಿಗಳ ಗುತ್ತಿಗೆದಾರರೂ ಇದ್ದರು. ಗುಡ್ಡವನ್ನು ಅಗೆಯುವವನು ಯಾರಿಗೆ ಹಣ ಕೊಟ್ಟನೆಂಬುದು ತಿಳಿಯದಿದ್ದರೆ, ಗುಡ್ಡವನ್ನು ಉಳಿಸುವೆನೆಂಬವನ ಮಾತಿನ ತೂಕವನ್ನು ನಾವು ಹೇಗೆ ಅರಿಯಬೇಕು? ಮಾಹಿತಿ ಆಯುಕ್ತರ ಅಧಿಕಾರಾವಧಿಯೂ ವೇತನವೂ ಮೊದಲು ಶಾಸನದಲ್ಲಿಯೇ ನಿಶ್ಚಿತವಾಗಿದ್ದುವು; 2019ರ ತಿದ್ದುಪಡಿಯು ಅವುಗಳನ್ನು ಕೇಂದ್ರ ಸರಕಾರದ ಕೈಗೆ ಕೊಟ್ಟಿತು. ಇದೂ ಗೃಹಸ್ಥರು ಗಮನಿಸತಕ್ಕ ಸಂಗತಿಯೇ.

ಆದಕಾರಣ ಪ್ರಣಾಳಿಕೆಯನ್ನು ಓದುವ ಕ್ರಮವನ್ನು ನಾವು ಬದಲಿಸಿಕೊಳ್ಳುವುದು ಯುಕ್ತವು. 2019ರ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷವು 102 ನಗರಗಳ ವಾಯುಮಾಲಿನ್ಯವನ್ನು ಐದು ವರ್ಷಗಳಲ್ಲಿ ಶೇಕಡ 35ರಷ್ಟಾದರೂ ಇಳಿಸುವೆವೆಂದಿತು; ಕಾಂಗ್ರೆಸ್ ಪಕ್ಷವು ಸ್ವತಂತ್ರವಾದ ಪರಿಸರ ಪ್ರಾಧಿಕಾರವನ್ನು ಸ್ಥಾಪಿಸುವೆವೆಂದಿತು. ಮೊದಲನೆಯದರಲ್ಲಿ ಅಂಕಿಯೂ ಅವಧಿಯೂ ಇರುವುದು ಒಳ್ಳೆಯದೇ. ಆದರೆ ಆ ಅಂಕಿಯನ್ನು ಅಳೆಯುವವರು ಯಾರು, ಅಳೆದುದನ್ನು ಯಾವಾಗ, ಎಲ್ಲಿ ಪ್ರಕಟಿಸುವರು? ಎರಡನೆಯದರಲ್ಲಿ ಪ್ರಾಧಿಕಾರದ ಕಡತಗಳನ್ನು ಸಾಮಾನ್ಯರು ನೋಡಬಹುದೇ, ಅದರ ವರದಿಯು ಕನ್ನಡದಲ್ಲಿ ಬರುವುದೇ? ಈ ಪ್ರಶ್ನೆಗಳಿಗೆ ಉತ್ತರವಿದ್ದರೆ ಪ್ರತಿಜ್ಞೆಗೆ ಹೇತುವು ದೊರೆಯಿತು. ಇಲ್ಲದಿದ್ದರೆ ಅದು ಬರಿಯ ಪ್ರತಿಜ್ಞೆಯಾಗಿಯೇ ನಿಂತಿತು.

ಗೃಹಿಣಿಯರು ಮಾರುಕಟ್ಟೆಯಲ್ಲಿ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ. ಅಷ್ಟೇ ಎಚ್ಚರವನ್ನು ಮತದ ವಿಷಯದಲ್ಲಿಯೂ ತೋರಿದರೆ ಸಾಕು. ಮುಂದಿನ ಚುನಾವಣೆಯಲ್ಲಿ ತರುಣರು ಪುಸ್ತಿಕೆ ಹಿಡಿದು ಜಗಲಿಗೆ ಬಂದಾಗ ಅವರನ್ನು ಆದರದಿಂದ ಕುಳ್ಳಿರಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, ಒಂದೇ ಒಂದು ಮಾತನ್ನು ಕೇಳಿರಿ: “ಅಪ್ಪಾ, ನೀವು ಗೆದ್ದ ಮೇಲೆ ನಿಮಗೆ ಹಿತವಲ್ಲದ ವರದಿಯೊಂದು ಬಂದರೆ ಅದನ್ನು ನಮಗೆ ಎಷ್ಟು ದಿನಗಳಲ್ಲಿ, ಕನ್ನಡದಲ್ಲಿ ಕೊಡುವಿರಿ?” ಅವರು ತಡವರಿಸಿದರೆ ಬೇಸರ ಬೇಡ. ಪ್ರಶ್ನೆಯು ಅವರೊಡನೆ ಪಕ್ಷದ ಕಚೇರಿಯವರೆಗೆ ಹೋಗುವುದು. ನೆರೆಯ ಯಜಮಾನರಿಗೆ ಅಂದು ನಾವು ಕೊಡಲಾರದೆ ಹೋದ ಉತ್ತರವನ್ನು, ಕೊಡಬೇಕಾದವರೇ ಕೊಡುವ ದಿನವು ಬರಲೆಂದು ಹಾರೈಸುವೆವು.