ಪರದೇಶ ಪ್ರಯಾಣಕ್ಕೆ ಬೇಕಾಗುವ ರಹದಾರಿಯೂ ಪ್ರವೇಶದ ಪರವಾನಿಗೆಯೂ

ಹೊಂಬಳದಿಂದ ಗದಗಿಗೆ ಬರುವದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಗದಗಿನಿಂದ ಮುಂಬಯಿಗೆ ಹೋಗುವದಕ್ಕೂ ಬೇಕಿಲ್ಲ. ಆದರೆ ಮುಂಬಯಿಯಿಂದ ಕಡಲನ್ನು ದಾಟಬೇಕಾದರೆ ಎರಡು ಸರಕಾರಗಳ ಒಪ್ಪಿಗೆ ಬೇಕಾಗುವದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ದಾದಿಯರಾಗಿಯೂ, ಕೆಲವರು ಪತಿಯ ಸಂಗಡಲೂ, ವಯಸ್ಸಾದ ಕೆಲವರು ಮಗಳ ಬಾಣಂತನದ ನಿಮಿತ್ತವಾಗಿಯೂ ಪರದೇಶಗಳಿಗೆ ಹೋಗುತ್ತಲಿದ್ದಾರೆ. ಹೊರಡುವ ಮುಂಚೆ ಅವರು ಶಾಲೆಯ ಕಚೇರಿಗೆ ಬಂದು ಹಳೆಯ ದಾಖಲೆಯ ನಕಲನ್ನು ಬೇಡುವದುಂಟು. ಆ ಒಂದು ಹಾಳೆಯು ದೂರದೇಶದ ಬಾಗಿಲಲ್ಲಿ ಎಷ್ಟು ತೂಕವುಳ್ಳದ್ದೆಂಬುದನ್ನು ಬಹಳ ಮಂದಿ ತಾಯ್ತಂದೆಗಳು ಅರಿಯರು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತೇವೆ.

ಮೊದಲು ಎರಡು ಮಾತುಗಳ ಭೇದವನ್ನು ತಿಳಿಯತಕ್ಕದ್ದು. ಪಾಸ್‌ಪೋರ್ಟು, ಅಂದರೆ ರಹದಾರಿಯು, ನಮ್ಮ ಸರಕಾರವು ನಮಗೆ ಕೊಡುವ ಪತ್ರ. ಇವಳು ನಮ್ಮವಳು, ಇವಳಿಗೆ ದಾರಿಯನ್ನು ಬಿಡಿರಿ ಎಂಬುದೇ ಅದರ ತಾತ್ಪರ್ಯವು. ವೀಸಾ ಎಂಬುದು ನಾವು ಹೋಗಲಿರುವ ದೇಶದ ಸರಕಾರವು ಕೊಡುವ ಪರವಾನಿಗೆ. ಇವೆರಡೂ ಕೈಯಲ್ಲಿದ್ದರೂ ಪ್ರವೇಶವು ನಿಶ್ಚಯವಾಯಿತೆಂದು ತಿಳಿಯಲಾಗದು. ಆ ದೇಶದ ನಿಲ್ದಾಣದಲ್ಲಿ ಕುಳಿತ ಅಧಿಕಾರಿಯು ಪ್ರಶ್ನೆಮಾಡಿ, ಒಳಗೆ ಬಿಡುವದೋ ಬಿಡಬಾರದೋ, ಬಿಟ್ಟರೆ ಎಷ್ಟು ದಿವಸಗಳ ವರೆಗೆ ಎಂಬುದನ್ನು ತೀರ್ಮಾನಿಸುವನು. ವೀಸಾ ಎಂದರೆ ಬಾಗಿಲನ್ನು ತಟ್ಟುವ ಹಕ್ಕೇ ಹೊರತು ತೆರೆದ ಬಾಗಿಲಲ್ಲ.

ಈ ಕಟ್ಟುಪಾಡು ನಮ್ಮವರ ಮೇಲೆ ಮಾತ್ರ ಬಂದದ್ದೆಂದು ಯಾರೂ ಬೇಸರಗೊಳ್ಳಬೇಕಿಲ್ಲ. ಒಂದು ಕಾಲಕ್ಕೆ ಈ ದೇಶದೊಳಗೆ ಬರುವದಕ್ಕೆ ಐರೋಪ್ಯರೇ ಅಪ್ಪಣೆಯನ್ನು ಬೇಡುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯವರ ಪರವಾನಿಗೆಯಿಲ್ಲದೆ ಅವರ ಸೀಮೆಯಲ್ಲಿ ನೆಲೆಸುವಂತಿರಲಿಲ್ಲ. ವಿಲಿಯಂ ಕೇರಿಯವರು 1793ರಲ್ಲಿ ಅಂಥ ಪರವಾನಿಗೆಯಿಲ್ಲದೆಯೇ ಬಂಗಾಲಕ್ಕೆ ಬಂದರು. 1800ರಲ್ಲಿ ಡೇನರ ಅಧೀನದಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆಗೊಂಡದ್ದಕ್ಕೆ ಇದೂ ಒಂದು ಕಾರಣವಾಗಿತ್ತು. 1833ರ ಸನ್ನದಿನಿಂದ ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆಯಿತು. ಅದರ ಮರುವರುಷವೇ, 1834ರಲ್ಲಿ, ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಕಾಯಿದೆಯ ಒಂದು ಸಾಲು ತಿದ್ದಲ್ಪಟ್ಟದ್ದರಿಂದ ಕನ್ನಡ ನಾಡಿನ ಎಷ್ಟು ಶಾಲೆಗಳು ಹುಟ್ಟಿದವೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು. 1914ರ ಮಹಾಯುದ್ಧವು ಆರಂಭವಾದಾಗ ಅದೇ ಮಿಶನ್ನಿನ ಜರ್ಮನ್ ಪ್ರಜೆಗಳು ಸೆರೆಯಲ್ಲಿಡಲ್ಪಟ್ಟು ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಯುದ್ಧವು ಮುಗಿದ ಮೇಲೆ, 1920ರಲ್ಲಿ, ಭಾರತದ ಪ್ರವೇಶಕ್ಕೆ ಪಾಸ್‌ಪೋರ್ಟು ಬೇಕೆಂಬ ಕಾಯಿದೆಯಾಯಿತು.

ನಮ್ಮ ನಾಡಿನ ಹೆಣ್ಣುಮಕ್ಕಳು ಈ ಬಾಗಿಲುಗಳನ್ನು ದಾಟಿದ್ದೂ ಹೊಸತಲ್ಲ. ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿಯವರು ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು 1947ರಲ್ಲಿ ಹಡಗಿನಿಂದ ಅಮೇರಿಕೆಗೆ ಹೋಗಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ತಿರುಗಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯರಾದರು. ಆಗಿನ ಕಾಲದಲ್ಲಿ ಪಾಸ್‌ಪೋರ್ಟನ್ನು ಕೊಡುವದೂ ಬಿಡುವದೂ ಸರಕಾರದ ಮರ್ಜಿಗೆ ಸೇರಿದ್ದಾಗಿತ್ತು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪರದೇಶಕ್ಕೆ ಹೋಗುವದು ವ್ಯಕ್ತಿಸ್ವಾತಂತ್ರ್ಯದ ಒಂದು ಭಾಗವೆಂದು ತೀರ್ಪುಕೊಟ್ಟ ತರುವಾಯ ಅದೇ ವರುಷ ಪಾಸ್‌ಪೋರ್ಟ್ ಕಾಯಿದೆಯು ಜಾರಿಗೆ ಬಂದಿತು.

ಇನ್ನು ಶಾಲೆಯ ದಾಖಲೆಯ ಮಾತು. ಪಾಸ್‌ಪೋರ್ಟಿಗೆ ಅರ್ಜಿಮಾಡುವಾಗ ಜನ್ಮದಿನಕ್ಕೆ ಆಧಾರವು ಬೇಕು. 2023ನೆಯ ಇಸವಿಯ ಅಕ್ಟೋಬರ 1ರಂದು ಇಲ್ಲವೆ ಅನಂತರ ಹುಟ್ಟಿದ ಕೂಸುಗಳಿಗೆ ಜನನ ಪ್ರಮಾಣಪತ್ರ ಒಂದೇ ಆಧಾರವು. ಅದಕ್ಕೂ ಮುಂಚೆ ಹುಟ್ಟಿದವರಿಗೆ ಶಾಲೆ ಬಿಟ್ಟ ಪ್ರಮಾಣಪತ್ರವೂ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವೂ ಸಲ್ಲುತ್ತವೆ. ಮನೆಯಲ್ಲಿಯೇ ಹೆರಿಗೆಯಾಗಿ ಊರ ಚಾವಡಿಯಲ್ಲಿ ಬರೆಯಿಸದೆ ಬಿಟ್ಟ ಹಳ್ಳಿಯ ಹೆಣ್ಣುಮಕ್ಕಳಿಗೆ, ಅವರು ಇಂಥ ದಿನ ಹುಟ್ಟಿದರೆಂದು ಸಾಕ್ಷಿ ಹೇಳುವದು ಅನೇಕ ವೇಳೆ ಶಾಲೆಯ ದಾಖಲೆಯ ಪುಸ್ತಕ ಒಂದೇ. ಒಂದನೆಯ ತರಗತಿಗೆ ಸೇರಿಸುವ ದಿನ ತಂದೆಯು ಅಂದಾಜಿನಿಂದ ಹೇಳಿದ ತಾರೀಖು ಆ ಹುಡುಗಿಯ ಬೆನ್ನು ಬಿಡದೆ ವಿಮಾನದ ವರೆಗೂ ಬರುವದು.

ಹೆಸರಿನ ಸಂಗತಿಯು ಇನ್ನೂ ತೊಡಕಿನದು. ನಮ್ಮ ಕಡೆಯ ಪದ್ಧತಿಯಂತೆ ದಾಖಲೆಯಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರು ಇರುತ್ತವೆ. ಊರ ಹೆಸರೇ ಅಡ್ಡಹೆಸರಾಗಿರುವದೂ ಉಂಟು. ಹೊಂಬಳ ಎಂಬ ಅಡ್ಡಹೆಸರಿನವರೇ ಇದ್ದಾರೆ. ಇದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತನು ಕೊನೆಗೆ ಒಂದಕ್ಷರವನ್ನು ಹೆಚ್ಚಿಸುವನು, ಇನ್ನೊಬ್ಬನು ಬಿಡುವನು. ಆಧಾರದಲ್ಲಿ ಒಂದು ವಿಧ, ಶಾಲೆಯಲ್ಲಿ ಮತ್ತೊಂದು, ಲಗ್ನದ ಪ್ರಮಾಣಪತ್ರದಲ್ಲಿ ಮೂರನೆಯದು. ನಮ್ಮೂರಲ್ಲಿ ಇವು ಮೂರೂ ಒಬ್ಬಳೇ ಎಂದು ಎಲ್ಲರೂ ಬಲ್ಲರು. ಪರದೇಶದ ಕಚೇರಿಯಲ್ಲಿ ಇವರು ಮೂವರು ಬೇರೆ ಬೇರೆ ಹೆಂಗಸರು. ಅಡ್ಡಹೆಸರನ್ನು ಬರೆಯದೆ ಒಂದೇ ಹೆಸರಿನಿಂದ ಪಾಸ್‌ಪೋರ್ಟನ್ನು ಪಡೆದವರಿಗೆ ತೊಂದರೆಯು ಮತ್ತೊಂದು ಬಗೆಯದು. ಅಮೇರಿಕೆಯವರು ಅಂಥವರ ಹೆಸರನ್ನು ಅಡ್ಡಹೆಸರಿನ ಸ್ಥಳದಲ್ಲಿ ಬರೆದು, ಸ್ವಂತ ಹೆಸರಿನ ಸ್ಥಳದಲ್ಲಿ ಗೊತ್ತಿಲ್ಲವೆಂಬ ಅರ್ಥದ ಮೂರಕ್ಷರಗಳನ್ನು ಅಚ್ಚುಮಾಡುವರು. ಸಂಯುಕ್ತ ಅರಬ ಸಂಸ್ಥಾನದವರು 2022ರ ನವೆಂಬರದಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿನಿಂದ ಸಂದರ್ಶನಕ್ಕೆ ಬರುವವರನ್ನು ಬಿಡಲಾಗದೆಂದು ಸಾರಿದರು; ಕೆಲವು ದಿವಸಗಳಲ್ಲಿ, ಎರಡನೆಯ ಪುಟದಲ್ಲಿ ತಂದೆಯ ಇಲ್ಲವೆ ಮನೆತನದ ಹೆಸರಿದ್ದರೆ ಬಿಡಬಹುದೆಂದು ಸಡಿಲಿಸಿದರು.

ಜಿಲ್ಲೆಯ ಹೆಸರೂ ಹೀಗೆಯೇ. ಗದಗ ಜಿಲ್ಲೆಯು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಮುಂಚಿನ ಕಾಗದಗಳಲ್ಲಿ ಹೊಂಬಳವು ಧಾರವಾಡ ಜಿಲ್ಲೆಯದು. 1973ಕ್ಕಿಂತ ಮುಂಚಿನವುಗಳಲ್ಲಿ ಮೈಸೂರು ರಾಜ್ಯದ್ದು. 1956ಕ್ಕಿಂತ ಮುಂಚಿನವುಗಳಲ್ಲಿ ಮುಂಬಯಿ ಪ್ರಾಂತದ್ದು. ಊರು ಇದ್ದಲ್ಲಿಯೇ ಇದ್ದಿತು, ಅದರ ವಿಳಾಸವು ಮಾತ್ರ ಸಂಚಾರಮಾಡಿತು! ಅಧಿಕಾರಿಯು ಕೇಳಿದರೆ ಗಾಬರಿಯಾಗದೆ ಇಷ್ಟನ್ನು ವಿವರಿಸಿದರೆ ಸಾಕು.

ವಿವಾಹವಾದ ಸ್ತ್ರೀಯರು ಗಂಡನ ಮನೆಯ ಹೆಸರನ್ನು ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. 2016ರ ಡಿಸೆಂಬರದಿಂದ ಪಾಸ್‌ಪೋರ್ಟಿನ ಅರ್ಜಿಗೆ ಲಗ್ನದ ಪ್ರಮಾಣಪತ್ರವನ್ನು ಲಗತ್ತಿಸುವ ಅವಶ್ಯಕತೆಯೂ ತೆಗೆದುಹಾಕಲ್ಪಟ್ಟಿದೆ. ತಂದೆ ತಾಯಿಗಳಲ್ಲಿ ಒಬ್ಬರ ಹೆಸರು ಸಾಕೆಂಬುದೂ ಅದೇ ಸಲದ ಸುಧಾರಣೆಯು. ತಾಯಿಯೊಬ್ಬಳೇ ಸಾಕಿದ ಮಕ್ಕಳಿಗೆ ಇದರಿಂದ ಆದ ಉಪಕಾರವು ಸಣ್ಣದಲ್ಲ. ಅರ್ಜಿಗಾಗಿ ಬೆಂಗಳೂರಿನ ವರೆಗೆ ಅಲೆಯುವ ಕಾಲವೂ ಹೋಯಿತು. ಹುಬ್ಬಳ್ಳಿಯಲ್ಲಿ ಸೇವಾಕೇಂದ್ರವುಂಟು, ಅಂಚೆಯ ಕಚೇರಿಗಳಲ್ಲಿಯೇ ಇಂಥ ಕೇಂದ್ರಗಳನ್ನು ತೆರೆಯುವ ಕ್ರಮವು 2017ರ ಜನವರಿಯಲ್ಲಿ ನಮ್ಮ ಮೈಸೂರಿನಿಂದಲೇ ಮೊದಲಾಯಿತು. ಪ್ರಾಯದವರ ಪಾಸ್‌ಪೋರ್ಟು ಹತ್ತು ವರುಷ ನಡೆಯುವದು.

ಈಗ ನಾವು ಎಲ್ಲಕ್ಕಿಂತಲೂ ಮುಖ್ಯವೆಂದೆಣಿಸುವ ಸಂಗತಿಗೆ ಬರುತ್ತೇವೆ. 1983ರ ವಲಸೆಯ ಕಾಯಿದೆಯ ಮೇರೆಗೆ ನಮ್ಮ ಪಾಸ್‌ಪೋರ್ಟುಗಳಲ್ಲಿ ಎರಡು ಬಗೆಗಳುಂಟು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನಲ್ಲಿ, ಈಕೆಯು ಉದ್ಯೋಗಕ್ಕಾಗಿ ಹೊರಡುವಾಗ ಪರಿಶೀಲನೆಯಾಗಬೇಕು ಎಂಬ ಅರ್ಥದ ಇ.ಸಿ.ಆರ್. ಎಂಬ ಗುರುತು ಬೀಳುವದು. ಐವತ್ತು ವರುಷ ದಾಟಿದವರು, ಆದಾಯ ತೆರಿಗೆಯನ್ನು ಕೊಡುವವರು, ಮೂರು ವರುಷ ಪರದೇಶದಲ್ಲಿದ್ದು ಬಂದವರು ಮುಂತಾದವರಿಗೆ ವಿನಾಯತಿಯುಂಟು. ಆ ಗುರುತುಳ್ಳವರು ಸೌದಿ ಅರಬಸ್ಥಾನ, ಕುವೈತ, ಓಮಾನ, ಕತಾರ, ಸಂಯುಕ್ತ ಅರಬ ಸಂಸ್ಥಾನ, ಮಲೇಶಿಯಾ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿಯ ಒಪ್ಪಿಗೆಯನ್ನು ಪಡೆಯತಕ್ಕದ್ದು. ಇಂಥ ಸ್ತ್ರೀಯರಿಗೆ ಮೂವತ್ತು ವರುಷ ತುಂಬಿರಬೇಕು; ಕರಾರುಪತ್ರವನ್ನು ಅಲ್ಲಿಯ ಭಾರತೀಯ ದೂತಾವಾಸದವರು ದೃಢೀಕರಿಸಿರಬೇಕು.

ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಇಬ್ಬರು ಹುಡುಗಿಯರನ್ನು ನೆನೆಯಿರಿ. ಒಬ್ಬಳು ಎಸ್.ಎಸ್.ಎಲ್.ಸಿ. ಮುಗಿಸಿದಳು. ಮತ್ತೊಬ್ಬಳನ್ನು ಒಂಬತ್ತನೆಯ ತರಗತಿಯಲ್ಲಿಯೇ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದರು. ಇಪ್ಪತ್ತೈದನೆಯ ವರುಷದಲ್ಲಿ ಇಬ್ಬರಿಗೂ ಹೊಟ್ಟೆಪಾಡಿಗಾಗಿ ಹೊರಡುವ ಪ್ರಸಂಗವು ಒದಗಿದರೆ ಮೊದಲಿನವಳಿಗೆ ಆ ಪರಿಶೀಲನೆಯ ತಡೆಯೇ ಇಲ್ಲ. ಎರಡನೆಯವಳು ಸರಿಯಾದ ದಾರಿಯಿಂದ ಇನ್ನೈದು ವರುಷ ಹೋಗಲಾರಳು. ಕಾಯಿದೆಯು ಅವಳ ರಕ್ಷಣೆಗಾಗಿಯೇ ಹಾಗೆ ಮಾಡಿದ್ದು ಹೌದು. ಆದರೆ ತಡೆಯಿದ್ದಲ್ಲಿಯೇ ದಲಾಲನು ಬಂದು ನಿಲ್ಲುವನು. ಸಂದರ್ಶಕರ ವೀಸಾದ ಮೇಲೆ ಮೊದಲು ಹೋಗು, ಅಲ್ಲಿ ಬದಲಾಯಿಸಿಕೊಳ್ಳೋಣ ಎಂದು ಅವನು ಹೇಳುವನು. ಈ ಮಾತನ್ನು ನಂಬಿ ಹೋದವಳ ಹೆಸರು ವಲಸೆಗಾರರ ಪಟ್ಟಿಯಲ್ಲಿರುವದಿಲ್ಲ, ಕರಾರುಪತ್ರವಿರುವದಿಲ್ಲ. ಸಂಬಳವು ನಿಂತರೆ ದೂರು ಕೊಡಲು ಹೋದ ಅವಳೇ ಅಲ್ಲಿಯ ಕಾಯಿದೆಯ ಮುಂದೆ ತಪ್ಪಿತಸ್ಥಳಾಗುವಳು. ಪಾಸ್‌ಪೋರ್ಟನ್ನು ಯಜಮಾನನು ಕಿತ್ತಿಟ್ಟುಕೊಳ್ಳುವದೂ ಉಂಟು. ಅದು ಭಾರತ ಸರಕಾರದ ಸೊತ್ತೆಂದು ನಮ್ಮ ಕಾಯಿದೆಯಲ್ಲಿಯೇ ಬರೆದಿದೆ. ಯಾವ ಯಜಮಾನನದೂ ಅಲ್ಲ.

ಸರಿಯಾದ ದಾರಿಯಿಂದ ಹೋಗುವವಳಿಗಾದರೋ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆಯುಂಟು. ಎರಡು ವರುಷಕ್ಕೆ 275 ರೂಪಾಯಿ, ಮೂರು ವರುಷಕ್ಕೆ 375 ರೂಪಾಯಿ ಕಟ್ಟಿದರೆ ಅಪಘಾತದಿಂದ ಮರಣವೋ ಶಾಶ್ವತ ಅಂಗವಿಕಲತೆಯೋ ಆದಲ್ಲಿ 10 ಲಕ್ಷ ರೂಪಾಯಿ ದೊರೆಯುವದು. ಇದಕ್ಕೂ ತೆರಿಗೆಗೂ ಹೊರತಾಗಿ, ಸರಕಾರದಲ್ಲಿ ನೋಂದಣಿಯಾದ ಏಜಂಟನು ತನ್ನ ಸೇವೆಗಾಗಿ 30,000 ರೂಪಾಯಿಗಿಂತ ಹೆಚ್ಚು ಕೇಳಲಾಗದು. ನೋಂದಣಿಯಾದವರ ಪಟ್ಟಿಯು ಈ-ಮೈಗ್ರೇಟ್ ಎಂಬ ಸರಕಾರಿ ಜಾಲತಾಣದಲ್ಲಿದೆ. ಹಣ ಕೊಡುವ ಮುಂಚೆ ಅದರಲ್ಲಿ ಹೆಸರನ್ನು ಹುಡುಕಿ ನೋಡಲು ಐದು ನಿಮಿಷ ಸಾಕು. ದಾದಿಯರ ವಿಷಯದಲ್ಲಿ ಮಾತ್ರ ವಿಶೇಷವಿದೆ. ಅವರ ಪಾಸ್‌ಪೋರ್ಟಿನಲ್ಲಿ ಆ ಗುರುತಿಲ್ಲದಿದ್ದರೂ ಈ 18 ದೇಶಗಳಿಗೆ ಹೋಗಲು ವಲಸೆಯ ಒಪ್ಪಿಗೆ ಬೇಕೆಂದೂ, ಸರಕಾರವು ಒಪ್ಪಿದ ಸಂಸ್ಥೆಗಳ ಮೂಲಕವೇ ನೇಮಕವಾಗಬೇಕೆಂದೂ 2015ರಲ್ಲಿ ನಿಯಮವಾಯಿತು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ಮುಂದೆ ಪರೀಕ್ಷೆಯನ್ನು ಕಟ್ಟಿ ತೇರ್ಗಡೆಯಾದರೆ ಪಾಸ್‌ಪೋರ್ಟಿನ ಆ ಗುರುತನ್ನು ತೆಗೆಯಿಸಬಹುದೆಂಬುದನ್ನು ನಮ್ಮ ವಾಚಕರು ತಮ್ಮ ನೆರೆಹೊರೆಯಲ್ಲಿ ದಯಮಾಡಿ ತಿಳಿಸಬೇಕು.

ಬಾಣಂತನಕ್ಕೆ ಅಮೇರಿಕೆಗೆ ಹೋಗುವ ತಾಯಂದಿರ ಕಥೆಯು ಬೇರೆ. ಅವರಿಗೆ ಸಂದರ್ಶಕರ ವೀಸಾ ಬೇಕು. ಅದಕ್ಕಾಗಿ ಚೆನ್ನೈ, ಹೈದರಾಬಾದ ಇಲ್ಲವೆ ಮುಂಬಯಿಯಂಥ ಊರುಗಳಲ್ಲಿರುವ ಅವರ ದೂತಕಚೇರಿಯಲ್ಲಿ ಸಂದರ್ಶನವಾಗುವದು. ಅಲ್ಲಿಯ ಕಾಯಿದೆಯು ಬರುವ ಪ್ರತಿಯೊಬ್ಬರನ್ನೂ, ಇವರು ಅಲ್ಲಿಯೇ ನೆಲೆಸಲು ಬರುವವರೆಂದು ಮೊದಲೇ ಊಹಿಸಿಕೊಳ್ಳುವದು. ಹಾಗಲ್ಲವೆಂದು ತೋರಿಸುವ ಹೊರೆಯು ಅರ್ಜಿದಾರಳ ಮೇಲಿದೆ. ಆದ್ದರಿಂದ ಅಲ್ಲಿ ಕೇಳುವ ಪ್ರಶ್ನೆಗಳೆಲ್ಲ ಒಂದೇ ಪ್ರಶ್ನೆಯ ರೂಪಾಂತರಗಳು: ನೀವು ತಿರುಗಿ ಏಕೆ ಬರುವಿರಿ? ಹೊಲ, ಮನೆ, ಪಿಂಚಣಿ, ಊರಲ್ಲುಳಿದ ಯಜಮಾನರು, ಓದುತ್ತಿರುವ ಕಿರಿಯ ಮಗ, ಇವೇ ಅದಕ್ಕೆ ಉತ್ತರಗಳು. ಕನ್ನಡದಲ್ಲಿಯೇ ಹೇಳುವೆನೆಂದರೆ ದುಭಾಷಿಯ ಸಹಾಯವನ್ನು ಕೇಳಬಹುದು. ಬಾಯಿಪಾಠ ಮಾಡಿದ ಇಂಗ್ಲಿಷಿಗಿಂತ ನಿಜವಾದ ಕನ್ನಡವೇ ಲೇಸು. ವೀಸಾವನ್ನು ಸಾಮಾನ್ಯವಾಗಿ ಹತ್ತು ವರುಷಕ್ಕೆ ಕೊಡುವರು. ಹತ್ತು ವರುಷ ಅಲ್ಲಿರಬಹುದೆಂದು ಕೆಲವರು ತಿಳಿಯುವರು, ಅದು ಹಾಗಲ್ಲ. ಪ್ರತಿಸಾರಿ ಇಳಿದಾಗ ಅಧಿಕಾರಿಯು ವಾಸದ ಅವಧಿಯನ್ನು ಗೊತ್ತುಪಡಿಸುವನು. ಸಾಮಾನ್ಯವಾಗಿ ಅದು ಆರು ತಿಂಗಳು. ಅದನ್ನು ಐ-94 ಎಂಬ ದಾಖಲೆಯಲ್ಲಿ ನೋಡತಕ್ಕದ್ದು. ಮೀರಿದರೆ ವೀಸಾವೇ ರದ್ದಾಗುವದು. ಮೊಮ್ಮಗನನ್ನು ಎತ್ತಿ ಆಡಿಸಲು ಅಡ್ಡಿಯಿಲ್ಲ. ನೆರೆಮನೆಯ ಕೂಸನ್ನು ಸಂಬಳಕ್ಕೆ ನೋಡಿಕೊಳ್ಳುವದು ಮಾತ್ರ ಕೂಡದು.

ಬಾಸೆಲ್ ಪಟ್ಟಣವನ್ನು ಕಣ್ಣಾರೆ ನೋಡಬೇಕೆಂಬ ಆಶೆಯುಳ್ಳವರಿಗೆ ಎರಡು ಮಾತು. ಸ್ವಿಟ್ಜರ್ಲಂಡವು ಐರೋಪ್ಯ ಒಕ್ಕೂಟದಲ್ಲಿಲ್ಲ. ಆದರೂ 2008ರಿಂದ ಶೆಂಗೆನ್ ಎಂಬ ಒಡಂಬಡಿಕೆಯಲ್ಲಿದೆ. ಆ ಒಂದೇ ವೀಸಾದಿಂದ ಜರ್ಮನಿ, ಫ್ರಾನ್ಸ್ ದೇಶಗಳಿಗೂ ಹೋಗಬಹುದು. ಯಾವ 180 ದಿವಸಗಳನ್ನು ಎಣಿಸಿದರೂ ಅವುಗಳಲ್ಲಿ 90 ದಿವಸಗಳಿಗಿಂತ ಹೆಚ್ಚು ಇರಲಾಗದು. ಎಲ್ಲಿ ಹೆಚ್ಚು ದಿವಸ ಉಳಿಯುವಿರೋ ಆ ದೇಶದವರಿಗೇ ಅರ್ಜಿಮಾಡಬೇಕು. ಹೊರಡುವದಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು, ಹದಿನೈದು ದಿವಸಕ್ಕಿಂತ ತಡಮಾಡಬಾರದು. ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆಯನ್ನು ಮಾಡಿಸಿರಬೇಕು. ಪಾಸ್‌ಪೋರ್ಟು ಆ ಸೀಮೆಯಿಂದ ಹೊರಬೀಳುವ ದಿನದಿಂದ ಇನ್ನೂ ಮೂರು ತಿಂಗಳು ಜೀವಂತವಿರಬೇಕು. ಒಂದು ವಿನೋದವೆಂದರೆ, ಬಾಸೆಲಿನ ವಿಮಾನ ನಿಲ್ದಾಣವಿರುವದು ಫ್ರಾನ್ಸಿನ ನೆಲದಲ್ಲಿ. ಒಂದು ಬಾಗಿಲಿನಿಂದ ಹೊರಟರೆ ಫ್ರಾನ್ಸು, ಇನ್ನೊಂದರಿಂದ ಹೊರಟರೆ ಸ್ವಿಟ್ಜರ್ಲಂಡು.

ನೇಪಾಳ, ಭೂತಾನಗಳಿಗೆ ಭಾರತೀಯರಿಗೆ ವೀಸಾ ಬೇಕಿಲ್ಲ. ಮತದಾರರ ಗುರುತಿನ ಚೀಟಿಯಿಂದಲೂ ಹೋಗಬಹುದು. ಬೇರೆ ಅನೇಕ ದೇಶದವರು ಪಾಸ್‌ಪೋರ್ಟಿನ ಅವಧಿಯು ಇನ್ನೂ ಆರು ತಿಂಗಳು ಉಳಿದಿರಬೇಕೆಂದು ಹೇಳುವರು. ಟಿಕೀಟನ್ನು ಕೊಳ್ಳುವ ಮುಂಚೆಯೇ ಇದನ್ನು ನೋಡಿಕೊಳ್ಳತಕ್ಕದ್ದು. ನಿಯಮಗಳೂ ಶುಲ್ಕಗಳೂ ಆಗಾಗ ಬದಲಾಗುವದರಿಂದ ಆಯಾ ದೂತಾವಾಸದವರ ಪ್ರಕಟನೆಯೇ ಕಡೆಯ ಮಾತು.

ಈಗ ಹತ್ತನೆಯ ತರಗತಿಯಲ್ಲಿರುವ ಹುಡುಗಿಯರ ತಾಯ್ತಂದೆಗಳಲ್ಲಿ ಒಂದು ಬಿನ್ನಹ. ಪರೀಕ್ಷೆಯ ಮಂಡಳಿಗೆ ಹೆಸರುಗಳನ್ನು ಕಳುಹಿಸುವ ಮುಂಚೆ ಪಟ್ಟಿಯನ್ನು ಸಹಿಗಾಗಿ ನಿಮ್ಮ ಮುಂದಿಡುವರು. ಆಗ ಅವಸರದಿಂದ ಸಹಿಹಾಕದೆ, ಮಗಳ ಜನನ ಪ್ರಮಾಣಪತ್ರವನ್ನೂ ಆಧಾರ ಚೀಟಿಯನ್ನೂ ಸಂಗಡ ತಂದು, ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಹುಟ್ಟಿದ ತಾರೀಖನ್ನೂ ಹೋಲಿಸಿ ನೋಡಿರಿ. ಓದಲು ಬಾರದ ತಾಯಂದಿರಿಗೆ ಮಗಳೇ ಓದಿ ಹೇಳಲಿ. ಪ್ರಮಾಣಪತ್ರವು ಅಚ್ಚಾಗಿ ಬಂದ ಮೇಲೆ ತಾರೀಖನ್ನು ತಿದ್ದಿಸುವದು ಬಹು ಪ್ರಯಾಸದ ಕೆಲಸವು. ಪಟ್ಟಿಯಲ್ಲಿರುವಾಗ ಅದು ಒಂದು ಗೀಟಿನ ಕೆಲಸ.