ಪುಡಿಯಾದ ಬಣ್ಣ ಶೀಶೆಗಿಳಿದಾಗ

ಯಾವುದೋ ಮದುವೆಗೆಂದು ತಂದು ಒಂದೇ ಸಲ ಹಚ್ಚಿ ಮರೆತ ಐಶ್ಯಾಡೋ ಡಬ್ಬಿ ನನ್ನ ಬೀರುವಿನಲ್ಲೂ ಇತ್ತು. ತಾಮ್ರದ ಬಣ್ಣ, ನವಿಲುಗರಿಯ ಹಸಿರು. ಒಂದು ದಿನ ಅದು ಕೈಜಾರಿ ಬಿದ್ದು ಪುಡಿಪುಡಿಯಾಯಿತು. ಗುಡಿಸಿ ಎಸೆಯಬೇಕಿದ್ದ ಆ ಪುಡಿ ಈಗ ಎರಡು ಶೀಶೆ ಉಗುರುಬಣ್ಣವಾಗಿ ಕನ್ನಡಿಯ ಪಕ್ಕದಲ್ಲಿದೆ.

ಹೀಗೆ ಇದ್ದುದನ್ನೆಲ್ಲ ಬೆರೆಸಿ ಹೊಸ ಬಣ್ಣ ಕಟ್ಟುವುದನ್ನು ಇಂಗ್ಲಿಷ್ ಮಾತಾಡುವ ಹವ್ಯಾಸಿಗಳು ‘ಫ್ರಾಂಕನ್’ ಎಂದು ಕರೆಯುತ್ತಾರೆ. ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ವಿಕ್ಟರ್ ಫ್ರಾಂಕನ್‌ಸ್ಟೈನ್ ಅಲ್ಲಿಂದಿಲ್ಲಿಂದ ತಂದ ಅಂಗಾಂಗ ಜೋಡಿಸಿ ಜೀವ ಕೊಡುತ್ತಾನಲ್ಲ, ಅವನ ಹೆಸರಿನ ತುಂಡು ಅದು.

ಕಣ್ಣಿನ ಬಣ್ಣ ಉಗುರಿಗೆ ಒಗ್ಗುವುದಕ್ಕೆ ಕಾರಣವಿದೆ. ಐಶ್ಯಾಡೋದಲ್ಲಿ ಇರುವುದು ಬಹುಪಾಲು ಅಭ್ರಕ, ಟಾಲ್ಕ್, ಕಬ್ಬಿಣದ ಆಕ್ಸೈಡುಗಳು. ಅಂಗಡಿಯ ನೇಲ್ ಪಾಲಿಶ್ ಮಿನುಗುವುದೂ ಎಷ್ಟೋ ಸಲ ಇದೇ ಅಭ್ರಕದಿಂದ. ವ್ಯತ್ಯಾಸವಿರುವುದು ಬಣ್ಣವನ್ನು ಹಿಡಿದಿಡುವ ಅಂಟಿನಲ್ಲಿ. ಪಾಲಿಶಿನ ಅಂಟು ನೈಟ್ರೋಸೆಲ್ಯುಲೋಸ್. ಹತ್ತಿಯ ಅಥವಾ ಮರದ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಪಡೆದದ್ದು. ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟಿನಂಥ ದ್ರಾವಕದಲ್ಲಿ ಅದು ಕರಗಿರುತ್ತದೆ. ಹಚ್ಚಿದೊಡನೆ ದ್ರಾವಕ ಹಾರಿಹೋಗಿ, ತೆಳ್ಳನೆ ಪೊರೆ ಉಳಿಯುತ್ತದೆ. 1920ರ ದಶಕದ ಕಾರುಗಳಿಗೆ ಹೊಡೆಯುತ್ತಿದ್ದ ಹೊಳೆವ ಬಣ್ಣದ ಮೂಲವೂ ಇದೇ. ನಮ್ಮ ಗೋರಂಟಿಯ ರೀತಿ ಬೇರೆ. ಆಷಾಢದಲ್ಲಿ ಸೊಪ್ಪು ಅರೆದು ಬೆರಳ ತುದಿಗೆ ಮೆತ್ತಿಕೊಂಡರೆ ಬಣ್ಣ ಉಗುರಿನೊಳಕ್ಕೇ ಇಳಿಯುತ್ತದೆ, ಉಗುರು ಬೆಳೆದು ಕತ್ತರಿಸುವ ತನಕ ಬಿಡುವುದಿಲ್ಲ.

ಮಾಡುವುದು ಸುಲಭ, ಅವಸರ ಮಾತ್ರ ಕೂಡದು. ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಬಣ್ಣವಿಲ್ಲದ ನೇಲ್ ಪಾಲಿಶ್ ತಂದು, ಕಾಲುಭಾಗ ಬೇರೆ ಶೀಶೆಗೆ ಬಗ್ಗಿಸಿಡಿ. ಐಶ್ಯಾಡೋವನ್ನು ಚಮಚದ ಬೆನ್ನಿನಿಂದ ನುಣ್ಣಗೆ ಅರೆಯಬೇಕು. ಒಂದು ಹರಳು ಉಳಿದರೂ ಉಗುರಿನ ಮೇಲೆ ಮರಳಿನಂತೆ ತರಿತರಿ. ಕಾಗದದ ಆಲಿಕೆ ಮಾಡಿ, ಮೊದಲು ಕಾಲು ಚಮಚದಷ್ಟು ಪುಡಿ ಇಳಿಸಿ. ಖಾಲಿಯಾದ ಹಳೆಯ ಪಾಲಿಶ್ ಶೀಶೆಯೊಳಗಿನ ಉಕ್ಕಿನ ಗುಂಡುಗಳನ್ನು ರಿಮೂವರಿನಲ್ಲಿ ತೊಳೆದು, ಒಣಗಿಸಿ, ಎರಡನ್ನು ಹಾಕಿ. ಆಮೇಲೆ ಶೀಶೆಯನ್ನು ಅಂಗೈಗಳ ನಡುವೆ ಉರುಳಿಸುತ್ತಿರಬೇಕು. ಜೋರಾಗಿ ಕುಲುಕಿದರೆ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ.

ಮರುದಿನ ನೋಡಿದರೆ ಬಣ್ಣ ತಳದಲ್ಲಿ ಕೂತಿರುತ್ತದೆ. ಮೊದಲ ಸಲ ನನಗೆ ತುಂಬ ಬೇಸರವಾಗಿತ್ತು. ತಪ್ಪು ನಮ್ಮದಲ್ಲ. ಕಾರ್ಖಾನೆಯ ಬಣ್ಣದ ಪಾಲಿಶಿಗೆ ಹೆಕ್ಟೊರೈಟಿನಂಥ ಜೇಡಿಯನ್ನು ಸಂಸ್ಕರಿಸಿ ಸೇರಿಸಿರುತ್ತಾರೆ. ಸುಮ್ಮನಿದ್ದಾಗ ಅದು ಗಟ್ಟಿಯಾಗಿ ಬಣ್ಣದ ಕಣಗಳನ್ನು ಎತ್ತಿಹಿಡಿಯುತ್ತದೆ, ಅಲುಗಿಸಿದಾಗ ತೆಳುವಾಗಿ ಹರಿಯುತ್ತದೆ. ಬಣ್ಣವಿಲ್ಲದ ಪಾಲಿಶಿನಲ್ಲಿ ಸಾಮಾನ್ಯವಾಗಿ ಆ ಜೇಡಿ ಇರುವುದಿಲ್ಲ. ಹಚ್ಚುವ ಮುನ್ನ ಪ್ರತಿ ಸಲ ಉರುಳಿಸಿಕೊಂಡರಾಯಿತು.

ಪುಡಿಯ ಬ್ಲಶ್ ಕೂಡ ಚೆನ್ನಾಗಿ ಬೆರೆಯುತ್ತದೆ. ಲಿಪ್‌ಸ್ಟಿಕ್, ಕಾಡಿಗೆ ಬೇಡ. ಅವುಗಳ ಮೇಣ, ಎಣ್ಣೆ ಪೊರೆಯನ್ನು ಸರಿಯಾಗಿ ಒಣಗಗೊಡುವುದಿಲ್ಲ. ಪುಡಿ ಹೆಚ್ಚಾದರೆ ಹೊಳಪು ಸತ್ತು ಮಂಕಾಗುತ್ತದೆ. ಮೇಲೆ ಬಣ್ಣವಿಲ್ಲದ ಒಂದು ಕೋಟು ಎಳೆದರೆ ಹೊಳಪು ಮರಳುತ್ತದೆ. ಗಟ್ಟಿಯಾದರೆ ರಿಮೂವರ್ ಸುರಿಯದೆ ಪಾಲಿಶಿನದೇ ಥಿನ್ನರ್ ಒಂದೆರಡು ಹನಿ ಹಾಕಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಈ ದ್ರಾವಕಗಳು ಥಟ್ಟನೆ ಬೆಂಕಿ ಹತ್ತಿಸಿಕೊಳ್ಳುವಂಥವು. ಅಡುಗೆಮನೆಯಲ್ಲಾಗಲಿ, ದೀಪ, ಊದುಬತ್ತಿ ಉರಿಯುವ ಕಡೆಯಾಗಲಿ ಈ ಕೆಲಸ ಬೇಡವೇ ಬೇಡ. ಕಿಟಕಿ ತೆರೆದಿಟ್ಟು ಕೂರಿ, ಚಿಕ್ಕ ಮಕ್ಕಳನ್ನು ದೂರವಿಡಿ.

ನನ್ನ ನವಿಲುಹಸಿರಿಗೆ ಒಂದು ಚಿಟಿಕೆ ತಾಮ್ರ ಬಿದ್ದು, ಬಿಸಿಲಿಗೆ ಹಿಡಿದಾಗ ಜೀರುಂಡೆಯ ಬೆನ್ನಿನ ಬಣ್ಣ ಬಂದಿತ್ತು. ಅಳತೆ ಬರೆದಿಟ್ಟಿರಲಿಲ್ಲ, ಆ ಬಣ್ಣ ಮತ್ತೆ ಕೂಡಿಬರಲೇ ಇಲ್ಲ. ಈಗ ಪ್ರತಿ ಶೀಶೆಯ ಕೊರಳಿಗೂ ಒಂದು ಚೀಟಿ ಅಂಟಿಸುತ್ತೇನೆ: ಯಾವ ಪುಡಿ, ಎಷ್ಟು ಚಿಟಿಕೆ, ಯಾವ ದಿನ.