ಸ್ನಾಯುಗಳ ಉರಿಯೂತ ಮತ್ತು ಬಸಿರು

ಕನ್ನಡದಲ್ಲಿ ‘ಉರಿಯೂತ’ ಎಂಬುದು ಅರ್ಥವತ್ತಾದ ಪದ. ಉರಿಯೂ ಊತವೂ ಅದರಲ್ಲಿ ಕೂಡಿವೆ. ಆದರೆ ಸ್ನಾಯುಗಳಿಗೆ ಈ ವ್ಯಾಧಿ ತಗುಲಿದಾಗ ಅನೇಕರಲ್ಲಿ ಉರಿಯೂ ಕಾಣದು, ಊತವೂ ಕಾಣದು, ಕಾಣುವುದು ಬಲಹೀನತೆ. ಬಸುರಿಯಲ್ಲಿ ಅದನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆ.

ನನ್ನ ತಂಗಿಯ ಮಗಳಿಗೆ ಈ ರೋಗ ಮದುವೆಗೆ ಮೊದಲೇ ಇತ್ತು. ಔಷಧದಿಂದ ಹತೋಟಿಗೆ ಬಂದಿತ್ತು. ಗರ್ಭ ನಿಂತಿತೆಂದು ತಿಳಿದೊಡನೆ, ಕೂಸಿಗೆ ಕೇಡಾದೀತೆಂದು ಹೆದರಿ, ಯಾರನ್ನೂ ಕೇಳದೆ ಮಾತ್ರೆಗಳನ್ನು ಬಿಟ್ಟಳು. ನಾಲ್ಕನೆಯ ತಿಂಗಳಲ್ಲಿ ಮಣೆಯಿಂದೇಳಲು ಕೈಯೂರಬೇಕಾಯಿತು. ಜಡೆ ಹಾಕಿಕೊಳ್ಳಲು ತೋಳು ಮೇಲೇಳದಾಯಿತು. “ಬಸಿರಿನ ಆಯಾಸ, ಮಾವ” ಎಂದಳು. ನಾವೆಲ್ಲರೂ ನಂಬಿದೆವು.

ಆಯಾಸ ಬೇರೆ, ಇದು ಬೇರೆ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ತನ್ನ ಸ್ನಾಯುಗಳ ಮೇಲೆ ಬೀಳುವುದರಿಂದ ಹುಟ್ಟುವ ರೋಗವಿದು. ತೊಡೆ, ಸೊಂಟ, ಭುಜಗಳು ಮೊದಲು ಸೋಲುತ್ತವೆ. ಕೆಲವರಲ್ಲಿ ರೆಪ್ಪೆಗಳ ಮೇಲೆ ನೇರಳೆ ಛಾಯೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗಂದೆ. ಆಗ ಅದು ಡರ್ಮಟೊಮಯೊಸೈಟಿಸ್. 1891ರಲ್ಲಿ ಈ ಹೆಸರನ್ನಿಟ್ಟವನು ಜರ್ಮನ್ ವೈದ್ಯ ಉನ್‌ಫೆರಿಷ್ಟ್. ‘ಮಯೊ’ ಎಂಬುದರ ಮೂಲವಾದ ಗ್ರೀಕ್ ಪದಕ್ಕೆ ಸ್ನಾಯು, ಇಲಿ ಎಂಬ ಎರಡೂ ಅರ್ಥಗಳುಂಟು. ನಮ್ಮ ‘ಮೂಷಿಕ’ ಅದರ ದಾಯಾದಿ. ಕೇಳುಗರು ಮೇಷ್ಟರ ಹಳೆಯ ಚಾಳಿಯನ್ನು ಕ್ಷಮಿಸಬೇಕು.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಬಹಳ ಏರಿತ್ತು. ರೋಗ ಮರಳಿತ್ತು.

ರೋಗ ಶಾಂತವಾಗಿರುವಾಗ ಬಸಿರಾದವರಲ್ಲಿ ಬಹುಪಾಲು ಹೆರಿಗೆಗಳು ಸುಸೂತ್ರ. ಅದು ಕೆರಳಿದ್ದಾಗಲೇ ಗರ್ಭಪಾತ, ಅಕಾಲ ಹೆರಿಗೆ, ಮಗುವಿನ ತೂಕ ಕುಂದುವಿಕೆಗಳ ಭಯ ಹೆಚ್ಚು. ಕನಿಷ್ಠ ಆರು ತಿಂಗಳು ರೋಗ ತಣ್ಣಗಿದ್ದ ಮೇಲೆ ಬಸಿರಿನ ಯೋಚನೆ ಮಾಡಿರೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್‌ಗಳು ಭ್ರೂಣಕ್ಕೆ ಹಾನಿಕರ. ಅವನ್ನು ಮುಂಚಿತವಾಗಿಯೇ ಬದಲಿಸಬೇಕು. ಆದರೆ ನಮ್ಮ ಹುಡುಗಿ ನುಂಗುತ್ತಿದ್ದುದು ಪ್ರೆಡ್ನಿಸೊಲೋನ್ ಮತ್ತು ಅಜಾಥಯೊಪ್ರಿನ್. ಇವನ್ನು ವೈದ್ಯರ ಕಣ್ಗಾವಲಿನಲ್ಲಿ ಬಸುರಿಯರಿಗೂ ಕೊಡುತ್ತಾರೆ. ಬಿಡಬೇಕಾಗಿಲ್ಲದ್ದನ್ನೇ ಬಿಟ್ಟಿದ್ದಳು. ಕೇಳಿದ್ದರೆ ಒಂದೇ ಮಾತಿನಲ್ಲಿ ತೀರುತ್ತಿತ್ತು.

ಮಾತ್ರೆಗಳು ಮತ್ತೆ ಆರಂಭವಾದವು. ಸ್ನಾಯುವೇ ಸೋತವಳು ಹೆರುವುದೆಂತು ಎಂಬುದು ತಂಗಿಯ ಚಿಂತೆ. ಗರ್ಭಕೋಶದ ಸ್ನಾಯು ಬೇರೆ ಜಾತಿಯದು, ನಮ್ಮ ಇಚ್ಛೆಗೆ ಒಳಪಡದ್ದು. ಈ ರೋಗ ಹಿಡಿಯುವುದು ನಾವು ಬೇಕೆಂದಾಗ ಆಡಿಸುವ ಸ್ನಾಯುಗಳನ್ನು. ಆದುದರಿಂದ ಹೆರಿಗೆಯ ನೋವು ತಾನಾಗಿ ಬರುತ್ತದೆ. ಕೊನೆಯಲ್ಲಿ ತಿಣುಕುವ ಬಲ ಸಾಲದಿದ್ದರೆ ವೈದ್ಯರು ನೆರವಾಗುತ್ತಾರೆ. ಹಾಗೆಯೇ ಆಯಿತು. ಮಗು ತಿಂಗಳು ಮೊದಲೇ ಬಂದಿತು. ತೂಕ ಎರಡು ಕಿಲೋ. ಈಗ ಅದು ಅದೇ ಮಣೆಯನ್ನು ಹಿಡಿದು ಎದ್ದು ನಿಲ್ಲುತ್ತಿದೆ.